ಮನೆಯೇ ಶಾಲೆಯಾದರೆ ಜೊತೆಗಾರರು ಎಲ್ಲಿಂದ?

ಮಗುವನ್ನು ಶಾಲೆಗೆ ಕಳಿಸುತ್ತಿಲ್ಲ, ಮನೆಯಲ್ಲೇ ಕಲಿಸುತ್ತೇವೆ ಎಂದ ಕೂಡಲೇ ನೆಂಟರಿಷ್ಟರು ಲೆಕ್ಕ, ವಿಜ್ಞಾನದ ಬಗ್ಗೆ ಕೇಳುವುದಿಲ್ಲ. ‘ಅಯ್ಯೋ, ನಾಲ್ಕು ಜನರ ಜೊತೆ ಬೆರೆಯೋದನ್ನ ಹೇಗೆ ಕಲಿಯುತ್ತೆ?’ ಎನ್ನುತ್ತಾರೆ. ಈ ಮಾತಿಗೆ ಅಪ್ಪ–ಅಮ್ಮ ಮುನಿಸಿಕೊಳ್ಳಬೇಕಿಲ್ಲ. ಎಲ್ಲಕ್ಕಿಂತ ಮೊದಲು ಉತ್ತರ ಹುಡುಕಬೇಕಾದ ಪ್ರಶ್ನೆಯೇ ಇದು.

ಅಮೆರಿಕದ ಸಂಶೋಧಕ ಲ್ಯಾರಿ ಶಯರ್ಸ್ 1992ರಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. 8ರಿಂದ 10 ವರ್ಷದ ಮಕ್ಕಳಲ್ಲಿ ಮನೆಯಲ್ಲಿ ಕಲಿಯುವ 70 ಮಂದಿ, ಶಾಲೆಗೆ ಹೋಗುವ 70 ಮಂದಿ ಆಡುವುದನ್ನು ಚಿತ್ರೀಕರಿಸಲಾಯಿತು. ಯಾವ ಮಗು ಯಾವ ಗುಂಪಿನದೆಂದು ನೋಡುವವರಿಗೆ ತಿಳಿಸಿರಲಿಲ್ಲ. ಜಗಳ, ಗಲಾಟೆಯಂಥ ವರ್ತನೆ ಮನೆಯಲ್ಲಿ ಕಲಿಯುವ ಮಕ್ಕಳಲ್ಲೇ ಕಡಿಮೆ ಕಂಡಿತು. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಇಂಥ ಅಧ್ಯಯನಕ್ಕೆ ತಾವಾಗಿಯೇ ಒಪ್ಪಿ ಬರುವವರು ಸಾಮಾನ್ಯವಾಗಿ ಮಕ್ಕಳ ಬಗ್ಗೆ ತುಂಬ ಆಸ್ಥೆಯುಳ್ಳ ಕುಟುಂಬದವರು. ಶಾಲೆಯಲ್ಲಿ ತಾನಾಗಿ ಸಿಗುವ ಜೊತೆಗಾರರನ್ನು ಮನೆಯವರು ಪ್ರಯತ್ನಪಟ್ಟು ಒದಗಿಸಬೇಕು.

ಮೊದಲು ಕಾನೂನು ತಿಳಿದುಕೊಳ್ಳಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದವರಿಗೆ ದಂಡ ವಿಧಿಸುವ ಮಾತು ಕಾಯ್ದೆಯಲ್ಲಿಲ್ಲ. ಮನೆಯಲ್ಲಿ ಕಲಿಸುವ ಬಗ್ಗೆ ಪ್ರತ್ಯೇಕ ನಿಯಮವೂ ಇಲ್ಲ. ಇದನ್ನು ತಿಳಿದೇ ಹೆಜ್ಜೆ ಇಡಿ. ಜೊತೆಗೆ ಮಗುವನ್ನೂ ಕೂರಿಸಿಕೊಂಡು ಕೇಳಿ. ಶಾಲೆಯ ಗೆಳತಿಯರನ್ನು ಬಿಟ್ಟು ಬರಲು ಮನಸ್ಸಿಲ್ಲದ ಹತ್ತು ವರ್ಷದ ಹುಡುಗಿಗೆ ಅಪ್ಪನ ಸಿದ್ಧಾಂತ ಸಮಾಧಾನ ಕೊಡುವುದಿಲ್ಲ.

ಮುಂದಿನ ಕೆಲಸ ಪಠ್ಯಪುಸ್ತಕ ಕೊಳ್ಳುವುದಲ್ಲ, ಮಕ್ಕಳ ಕೂಟ ಹುಡುಕುವುದು. ಬೇಸಿಗೆ ಶಿಬಿರ ಒಳ್ಳೆಯದೇ. ಮೈಸೂರಿನ ರಂಗಾಯಣದ ‘ಚಿಣ್ಣರ ಮೇಳ’ದಲ್ಲಿ ನಾಟಕ ಕಟ್ಟುತ್ತಾ ಮಕ್ಕಳು ಬೇಗ ಒಂದಾಗುತ್ತಾರೆ. ಆದರೆ ಶಿಬಿರ ಮುಗಿದ ಮೇಲೆ ಆ ಗುಂಪು ಚದುರಿಹೋಗುತ್ತದೆ. ಅದೇ ಮಕ್ಕಳು ವಾರಕ್ಕೆ ಮೂರ್ನಾಲ್ಕು ಸಲವಾದರೂ, ವರ್ಷವಿಡೀ ಸಿಗುವ ಜಾಗ ಬೇಕು: ಬೀದಿಯ ಕೊನೆಯ ಖಾಲಿ ಸೈಟು, ಕಬಡ್ಡಿ ಅಂಕಣ, ಭರತನಾಟ್ಯದ ತರಗತಿ, ಪಂಚಾಯಿತಿಯ ಗ್ರಂಥಾಲಯ.

ಲಗೋರಿ ಆಟವನ್ನೇ ನೋಡಿ. ಏಳು ಕಲ್ಲಿನಲ್ಲಿ ಐದನ್ನು ಪೇರಿಸುವಷ್ಟರಲ್ಲಿ ಚೆಂಡು ಬೆನ್ನಿಗೆ ತಾಗುತ್ತದೆ. ‘ಔಟ್!’ ‘ಇಲ್ಲ, ತಾಗಲೇ ಇಲ್ಲ!’ ಒಬ್ಬ ಠೂ ಬಿಟ್ಟು ಕಟ್ಟೆಯ ಮೇಲೆ ಕೂರುತ್ತಾನೆ. ಹತ್ತು ನಿಮಿಷದಲ್ಲಿ ಆಡಲು ಒಬ್ಬ ಕಡಿಮೆ ಬಿದ್ದಾಗ ಇನ್ನೊಬ್ಬ ಬಂದು, ಅವನ ಮುಖ ನೋಡದೆ, ‘ಬಾರೋ’ ಎನ್ನುತ್ತಾನೆ. ಸೋಲು ನುಂಗುವುದು, ಹಟ ಬಿಡುವುದು, ಮೊದಲು ಮಾತಾಡಿಸುವುದು ಎಲ್ಲವೂ ಆ ಹತ್ತು ನಿಮಿಷದಲ್ಲಿದೆ. ಕಿಟಕಿಯಿಂದ ನೋಡುತ್ತಿರುವ ಅಮ್ಮ ಅಲ್ಲಿಗೆ ಓಡಬಾರದು. ಮನೆಯಲ್ಲಿ ಕಲಿಯುವ ಮಕ್ಕಳ ಸುತ್ತ ದಿನವಿಡೀ ದೊಡ್ಡವರೇ ಇರುವುದರಿಂದ ಈ ಜಗಳವನ್ನಾದರೂ ಅವರಿಗೇ ಬಿಟ್ಟುಕೊಡಬೇಕು. ಹೊಡೆದಾಟವಾದರೆ, ಒಬ್ಬರನ್ನೇ ಎಲ್ಲರೂ ಸೇರಿ ಕಾಡಿದರೆ ಮಾತ್ರ ಮಧ್ಯೆ ಹೋಗಿ.

ಇನ್ನೊಂದು ಸೂಕ್ಷ್ಮವಿದೆ. ಭಾಗಾಕಾರ ತಪ್ಪಿದ್ದಕ್ಕೆ ಬೈದ ಟೀಚರೇ ರಾತ್ರಿ ಊಟಕ್ಕೆ ಕರೆಯುವ ಅಮ್ಮ ಆಗಿರುತ್ತಾಳೆ. ಶಾಲೆಯ ಮಗು ಮನೆಗೆ ಬಂದು ಮೇಷ್ಟ್ರ ಮೇಲೆ ದೂರು ಹೇಳಬಹುದು; ಈ ಮಗು ಯಾರ ಬಳಿ ಹೇಳಬೇಕು? ಅದಕ್ಕೇ ಒಂದೆರಡು ವಿಷಯಗಳನ್ನಾದರೂ ಬೇರೆಯವರು ಕಲಿಸಲಿ. ಪಾಠಕ್ಕೆ ಹೊತ್ತು ಗೊತ್ತುಮಾಡಿ, ಅದು ಮುಗಿದ ಮೇಲೆ ಪಾಠದ ಮಾತು ಎತ್ತಬೇಡಿ. ಅಜ್ಜಿಯೋ ಸೋದರಮಾವನೋ, ಮಗು ಮನಸ್ಸು ಬಿಚ್ಚುವ ಒಬ್ಬ ಹಿರಿಯರು ಹತ್ತಿರದಲ್ಲಿರಲಿ.

ತಿಂಗಳಿಗೊಮ್ಮೆ ಡೈರಿಯಲ್ಲಿ ಬರೆದಿಡಿ: ಈ ತಿಂಗಳು ಮಗು ಯಾರ ಹೆಸರು ಹೇಳಿತು? ತಾನಾಗಿ ಯಾರ ಮನೆಗೆ ಹೋಯಿತು? ಓರಗೆಯವರನ್ನು ಕಂಡರೆ ಹಿಂದೆ ಸರಿಯುವುದು, ನಿದ್ದೆ–ಊಟ ಕೆಡುವುದು, ಸಣ್ಣದಕ್ಕೂ ಅಳುವುದು ವಾರಗಟ್ಟಲೆ ಮುಂದುವರಿದರೆ ಮಕ್ಕಳ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿಯ ಸಂಖ್ಯೆ 14416; ಕರೆ ಉಚಿತ.

ಪರೀಕ್ಷೆಯ ಚಿಂತೆಗೆ ದಾರಿ ಇದೆ. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, 3, 5 ಮತ್ತು 8ನೇ ತರಗತಿಗೆ ಸಮನಾದ ಹಂತಗಳಿವೆ. 14 ತುಂಬಿದವರು ಹತ್ತನೇ ತರಗತಿಗೆ ಸಮನಾದ ಕೋರ್ಸಿಗೆ ಸೇರಬಹುದು.

ಒಂದು ದಿನ ಮಗುವೇ ‘ನಾನೂ ಸ್ಕೂಲಿಗೆ ಹೋಗ್ತೀನಿ’ ಎಂದರೆ? ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಶಾಲೆಗೆ ಸೇರದ 6 ವರ್ಷ ದಾಟಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಹಿಂದುಳಿದಿದ್ದರೆ ವಿಶೇಷ ತರಬೇತಿ ಪಡೆಯುವ ಹಕ್ಕೂ ಅದಕ್ಕಿದೆ. ಜನನ ಪ್ರಮಾಣಪತ್ರ, ಲಸಿಕೆಯ ಕಾರ್ಡು, ಹಿಂದೆ ಶಾಲೆಗೆ ಹೋಗಿದ್ದರೆ ಅಲ್ಲಿನ ಟಿ.ಸಿ. ಇವಿಷ್ಟನ್ನು ಒಂದು ಫೈಲಿನಲ್ಲಿ ಜೋಡಿಸಿ, ಕೈಗೆ ಸಿಗುವ ಕಡೆ ಇಟ್ಟಿರಿ.