ಪೆಡಲ್ ಕೊಳ್ಳುವ ಮುಂಚೆ ಕೇಬಲ್ಲಿನ ದಾರಿ ನೋಡು

ತಮ್ಮಾ, ನಂದೂರಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದ ಹುಡುಗ ನೀನೊಬ್ಬನೇ ಅಲ್ಲ. ಕಲಬುರಗಿ ಇಲ್ಲೇ ಪಕ್ಕದಲ್ಲಿದೆ. ಮದುವೆಯ ಆರ್ಕೆಸ್ಟ್ರಾ, ಕಾಲೇಜಿನ ಗ್ಯಾದರಿಂಗ್, ಗಣೇಶನ ಪೆಂಡಾಲು, ಜಾತ್ರೆಯ ರಸಮಂಜರಿ ಅಂತ ನುಡಿಸುವವರಿಗೆ ಕೆಲಸ ಸಿಗುತ್ತಲೇ ಇರುತ್ತದೆ. ದೂರು ಮಾತ್ರ ಎಲ್ಲರದೂ ಒಂದೇ: "ಕಾಕಾ, ಮನ್ಯಾಗ ಛಲೋ ಕೇಳ್ತದ, ಸ್ಟೇಜಿಗಿ ಹೋದ್ರ ಸೌಂಡ್ ಸತ್ತಾಂಗ ಆಗ್ತದ." ಅದರ ಬೆನ್ನಿಗೇ ಬರುವ ಪ್ರಶ್ನೆಯೂ ಒಂದೇ, ಇನ್ಯಾವ ಪೆಡಲ್ ಕೊಳ್ಳಬೇಕು ಅಂತ. ಸದ್ಯಕ್ಕೆ ಯಾವುದೂ ಬೇಡ. ಇರುವ ಸಾಮಾನಿನಲ್ಲಿ ನಿನ್ನ ನಾದ ಎಲ್ಲಿ ಸೋರುತ್ತಿದೆ ಅನ್ನುವುದನ್ನು ಮೊದಲು ಪತ್ತೆಹಚ್ಚು.

ಅದಕ್ಕೆ ಮೀಟರು ಗೀಟರು ಏನೂ ಬೇಕಿಲ್ಲ. ಪೆಡಲ್‌ಗಳನ್ನೆಲ್ಲ ಪಕ್ಕಕ್ಕಿಟ್ಟು ಗಿಟಾರಿನಿಂದ ಆಂಪಿಗೆ ಒಂದೇ ಕೇಬಲ್ ಹಾಕಿ ಸ್ವಲ್ಪ ಹೊತ್ತು ನುಡಿಸು. ಆ ನಾದ ಕಿವಿಯಲ್ಲಿರುವಾಗಲೇ ಪೆಡಲ್‌ಬೋರ್ಡನ್ನು ನಡುವೆ ಸೇರಿಸು, ಆದರೆ ಒಂದು ಪೆಡಲನ್ನೂ ಚಾಲೂ ಮಾಡಬೇಡ. ತೆಳು ತಂತಿಗಳ ಹೊಳಪು ಕುಂದಿದೆಯೇ? ಹಾಗಿದ್ದರೆ ಪೆಡಲ್‌ಗಳು ಆಫ್ ಇದ್ದಾಗಲೇ ಕಳವು ನಡೆದಿದೆ. ಈಗ ಒಂದೊಂದೇ ಪೆಡಲ್, ಒಂದೊಂದೇ ಪ್ಯಾಚ್ ಕೇಬಲ್ ತೆಗೆದು ನೋಡುತ್ತಾ ಹೋಗು. ಎಷ್ಟೋ ಸಲ ಸಾವಿರಾರು ರೂಪಾಯಿಯ ಪೆಡಲ್‌ನಲ್ಲಿ ತಪ್ಪೇನೂ ಇರುವುದಿಲ್ಲ, ಅಗ್ಗದ ಪ್ಯಾಚ್ ಕೇಬಲ್ಲಿನ ಬೆಸುಗೆ ಬಿಟ್ಟಿರುತ್ತದೆ.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ಸ್ವಲ್ಪ ತಿಳಿದುಕೋ. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಅದರಿಂದ ಹೊರಡುವ ಸಿಗ್ನಲ್ ಭಾಳ ನಾಜೂಕು. ಕೇಬಲ್ಲಿನ ಒಳತಂತಿಯೂ ಹೊರಗಿನ ಜಾಲರಿಯೂ ಸೇರಿ ತಾವೇ ಒಂದು ಕೆಪಾಸಿಟರ್ ಆಗಿಬಿಡುತ್ತವೆ, ಸಾಮಾನ್ಯ ಗಿಟಾರ್ ಕೇಬಲ್ಲಿನಲ್ಲಿ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್. ಪಿಕಪ್‌ನ ಇಂಡಕ್ಟೆನ್ಸ್ 3 ಹೆನ್ರಿ ಅಂತ ಹಿಡಿ. 6 ಮೀಟರ್ ಕೇಬಲ್ ಹಾಕಿದರೆ ನಾದದ ಹೊಳಪಿನ ಶಿಖರ 3,700 ಹರ್ಟ್ಜ್ ಆಸುಪಾಸಿನಲ್ಲಿ ಇರುತ್ತದೆ, 15 ಮೀಟರಿಗೆ ಅದು 2,400ರ ಹತ್ತಿರಕ್ಕೆ ಇಳಿಯುತ್ತದೆ. ಅದಕ್ಕಿಂತ ಮೇಲಿನ ಹೊಳಪು, ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದ ಹಾಗೆ, ದಾರಿಯಲ್ಲೇ ಇಂಗಿಹೋಗುತ್ತದೆ. ಮನೆಯಲ್ಲಿ ನೀನು ನುಡಿಸುವುದು 3 ಮೀಟರ್ ಕೇಬಲ್ಲಿನಲ್ಲಿ. ಸ್ಟೇಜಿನ ಮೇಲೆ ಗಿಟಾರಿನಿಂದ ಬೋರ್ಡಿಗೆ 6 ಮೀಟರ್, ಬೋರ್ಡಿನಿಂದ ಆಂಪಿಗೆ ಇನ್ನೊಂದು 6, ನಡುವೆ ಪ್ಯಾಚ್ ಕೇಬಲ್‌ಗಳು ಬೇರೆ. ಸೌಂಡ್ ಸಾಯುವುದು ಇದಕ್ಕೇ.

ಡಬ್ಬಿಯ ಮೇಲೆ 'ಟ್ರೂ ಬೈಪಾಸ್' ಅಂತ ಬರೆದಿದ್ದರೆ ಸಾಕು, ನಮ್ಮ ಹುಡುಗರು ಕಣ್ಣು ಮುಚ್ಚಿ ಕೊಳ್ಳುತ್ತಾರೆ. ಅದರ ಅರ್ಥ ಇಷ್ಟೇ: ಪೆಡಲ್ ಆಫ್ ಆದಾಗ ಸಿಗ್ನಲ್ ಯಾವ ಸರ್ಕ್ಯೂಟನ್ನೂ ಮುಟ್ಟದೆ ಬರೇ ತಂತಿಯಲ್ಲಿ ದಾಟಿಹೋಗುತ್ತದೆ. ಒಂದೆರಡು ಇದ್ದರೆ ಒಳ್ಳೆಯದೇ. ಆರನ್ನು ಸಾಲಾಗಿ ಇಟ್ಟು ಆರನ್ನೂ ಆಫ್ ಮಾಡಿದರೆ ಇಡೀ ಉದ್ದದ ಕೇಬಲ್ಲಿನ ಭಾರ ಪಿಕಪ್ಪಿನ ಮೇಲೇ ಬೀಳುತ್ತದೆ. ಬಾಸ್ ಕಂಪನಿಯ ಬಹುತೇಕ ಸಣ್ಣ ಪೆಡಲ್‌ಗಳಲ್ಲಿ, ಐಬನೇಜ್‌ನ ಟ್ಯೂಬ್ ಸ್ಕ್ರೀಮರ್‌ನಲ್ಲಿ ಬಫರ್ ಇರುತ್ತದೆ. ಅದು ಪಿಕಪ್ಪಿನ ಮೇಲೆ ಭಾರ ಹಾಕದೆ ಸಿಗ್ನಲ್ ತೆಗೆದುಕೊಂಡು, ಉದ್ದದ ಕೇಬಲ್ಲಿಗೂ ಜಗ್ಗದಂತೆ ಬಲ ಕೊಟ್ಟು ಮುಂದೆ ಕಳಿಸುತ್ತದೆ. ಬಫರ್ ಅಂದರೆ ಟೋನ್ ಕೆಡಿಸುವುದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬೋರ್ಡಿನ ಮೊದಲಿಗೆ ಒಂದು ಒಳ್ಳೆಯ ಬಫರ್ ಇರಲಿ, ಉಳಿದವು ಟ್ರೂ ಬೈಪಾಸ್ ಆಗಿರಲಿ.

ಹಳೇ ಮಾದರಿಯ ಫಜ್ ಒಂದಕ್ಕೆ ಮಾತ್ರ ಈ ನಿಯಮ ಒಗ್ಗುವುದಿಲ್ಲ. ಫಜ್ ಹುಟ್ಟಿದ್ದೇ ಕೆಟ್ಟ ಸಾಮಾನಿನಿಂದ. 1961ರ ಸುಮಾರಿಗೆ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಧ್ವನಿಮುದ್ರಣದ ಯಂತ್ರ ಹಾಳಾಗಿ ಬಂದ ಒಡಕು ಸದ್ದು ಜನರಿಗೆ ಹಿಡಿಸಿತು. 1962ರಲ್ಲಿ ಮೇಸ್ಟ್ರೋ ಫಜ್-ಟೋನ್ ಅನ್ನುವ ಪೆಡಲ್ ಬಂತು. 1966ರ ಫಜ್ ಫೇಸ್ ಗಿಟಾರಿನ ಪಿಕಪ್ ಜೊತೆ ನೇರ ಮಾತಾಡಬೇಕು, ನಡುವೆ ಬಫರ್ ಬಂದರೆ ಸದ್ದು ಗೀರಿದಂತೆ ಒರಟಾಗುತ್ತದೆ. ಅಂಥದ್ದಿದ್ದರೆ ಅದನ್ನೇ ಎಲ್ಲಕ್ಕಿಂತ ಮೊದಲಿಡು, ಬಫರ್ ಆಮೇಲೆ ಬರಲಿ. ಇನ್ನೊಂದು ಮಾತು ನಮ್ಮ ಊರಿನವರಿಗಾಗಿಯೇ ಹೇಳುವಂಥದ್ದು. ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುವ ಫಜ್ ಬಿಸಿಲಿಗೆ ತಡೆಯುವುದಿಲ್ಲ, ತಾಪ ಏರಿದಂತೆ ಅದರ ಸೋರಿಕೆ ಕರೆಂಟ್ ಹೆಚ್ಚಿ ಸದ್ದು ಉಸಿರುಗಟ್ಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಪೆಂಡಾಲಿನ ತಗಡಿನ ಕೆಳಗಂತೂ ಕೇಳಬೇಡ. ಇಲ್ಲಿಯ ಬೇಸಿಗೆಗೆ ಸಿಲಿಕಾನ್ ಫಜ್ಜೇ ಗಟ್ಟಿ.

ಪೆಡಲ್‌ಗಳ ಸಾಲಿನ ಬಗ್ಗೆ ಎಲ್ಲರೂ ಪುರಾಣ ಹೇಳುತ್ತಾರೆ, ನಾನು ಒಂದು ಮಾತಿನಲ್ಲಿ ಮುಗಿಸುತ್ತೇನೆ: ಫಜ್, ಟ್ಯೂನರ್, ವಾ, ಓವರ್‌ಡ್ರೈವ್, ಕೋರಸ್, ಡಿಲೇ, ರಿವರ್ಬ್. ಸರಿ ಅನ್ನಿಸದಿದ್ದರೆ ಬದಲಿಸಿ ನೋಡು, ಯಾರೂ ದಂಡ ಹಾಕುವುದಿಲ್ಲ.

ನಿಜವಾದ ಗಂಡಾಂತರ ಇರುವುದು ಬೇರೆ ಕಡೆ. ನಮ್ಮಲ್ಲಿ ಗಿಟಾರ್ ಆಂಪ್ ಹೊತ್ತು ತರುವ ಪಾರ್ಟಿಗಳು ಕಡಿಮೆ. ಮೈಕ್‌ಸೆಟ್‌ನವನು ಒಂದು ಜ್ಯಾಕ್ ಕೊಟ್ಟು "ಹಾಕ್ರಿ ಇದಕ್ಕ" ಅನ್ನುತ್ತಾನೆ, ನೀನು ಹಾಕುತ್ತೀಯ. ಮಿಕ್ಸರಿನ ಲೈನ್ ಇನ್‌ಪುಟ್ಟಿನ ಇಂಪೀಡೆನ್ಸ್ ಸಾಮಾನ್ಯವಾಗಿ 10ರಿಂದ 20 ಕಿಲೊಓಮ್. ನಿನ್ನ ಪಿಕಪ್ ಬಯಸುವುದು 1 ಮೆಗಾಓಮ್, ಅಂದರೆ ಐವತ್ತರಿಂದ ನೂರು ಪಟ್ಟು ಹೆಚ್ಚು. ಬಫರ್ ಇಲ್ಲದೆ ನೇರ ಹಾಕಿದರೆ ನಾದ ಅಲ್ಲೇ ಮಣ್ಣಾಗುತ್ತದೆ. ಬಫರ್ ಇದ್ದರೆ ಈ ತೊಂದರೆ ತಪ್ಪುತ್ತದೆ, ಇಲ್ಲವಾದರೆ ಗಿಟಾರಿಗೂ ಮಿಕ್ಸರಿಗೂ ನಡುವೆ ಕೂತು ಅದೇ ಕೆಲಸ ಮಾಡುವ ಒಂದು ಆಕ್ಟಿವ್ ಡಿ.ಐ. ಬಾಕ್ಸ್ ಕೇಳು.

ಅಷ್ಟಕ್ಕೇ ಮುಗಿಯಲಿಲ್ಲ. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5,000 ಹರ್ಟ್ಜ್ ಮೇಲಿನ ಸದ್ದನ್ನು ಹೆಚ್ಚುಕಡಿಮೆ ಬಿಡುವುದೇ ಇಲ್ಲ. ಓವರ್‌ಡ್ರೈವ್, ಡಿಸ್ಟಾರ್ಶನ್ ಪೆಡಲ್‌ಗಳನ್ನು ಮಾಡುವವರು ಆ ಸ್ಪೀಕರನ್ನು ಮನಸ್ಸಿನಲ್ಲಿಟ್ಟೇ ಮಾಡಿರುತ್ತಾರೆ. ಮದುವೆ ಮಂಟಪದ ಸ್ಪೀಕರ್ ಪೆಟ್ಟಿಗೆಗಳಲ್ಲಿ ಟ್ವೀಟರ್ ಇರುತ್ತದೆ, ಅದು 10,000 ಹರ್ಟ್ಜ್ ದಾಟಿದ್ದನ್ನೂ ಎತ್ತಿ ಜನರ ಕಿವಿಗೆ ಚುಚ್ಚುತ್ತದೆ. ಆಗ ನೀನು ಪೆಡಲನ್ನು ಬೈಯುತ್ತೀಯ, ಮೈಕ್‌ಸೆಟ್‌ನವನು ನಿನ್ನನ್ನು ಬೈಯುತ್ತಾನೆ. ಇದಕ್ಕೆ ಎರಡು ದಾರಿ. ಸಣ್ಣ ಆಂಪ್ ಇದ್ದರೆ ಅದರ ಮುಂದೆ ಒಂದು ಡೈನಮಿಕ್ ಮೈಕ್ ಇಡಿಸು. ಇಲ್ಲವೇ ಬೋರ್ಡಿನ ಕೊನೆಗೆ, ಗಿಟಾರ್ ಸ್ಪೀಕರಿನ ಹಾಗೆ ಸದ್ದನ್ನು ಸೋಸುವ ಕ್ಯಾಬಿನೆಟ್ ಸಿಮ್ಯುಲೇಟರ್ ಹಾಕು. ಆಗಲೇ ಏನೂ ಕೊಳ್ಳಬೇಡ ಅಂದೆನಲ್ಲ, ಕೊಳ್ಳಲೇಬೇಕೆಂಬ ಚಪಲವಿದ್ದರೆ ಇದನ್ನು ಕೊಳ್ಳು.

ಡಿಲೇ, ರಿವರ್ಬ್ ವಿಷಯದಲ್ಲಿ ಕೈ ಬಿಗಿ ಹಿಡಿ. ನಮ್ಮ ಕಡೆ ಮೈಕ್‌ನವನು ಎಕೋ ಇಲ್ಲದೆ ಸೌಂಡ್ ಕೊಡಲಾರ, ಅದು ಅವನ ಧರ್ಮ. ಎಸ್.ಎಂ. ಪಂಡಿತ ರಂಗಮಂದಿರದಂಥ ಮುಚ್ಚಿದ ಸಭಾಂಗಣವಾದರೆ ಗೋಡೆಗಳೂ ತಮ್ಮ ಪಾಲು ಸೇರಿಸುತ್ತವೆ. ಇವೆರಡರ ಮೇಲೆ ನಿನ್ನದೂ ಸೇರಿದರೆ ಒಂದು ಸ್ವರವೂ ಉಳಿಯುವುದಿಲ್ಲ. ಈಚೆಗೆ ತತ್ವಪದಗಳಿಗೂ ಗಿಟಾರ್ ಸೇರಿಸುತ್ತೀರಿ, ಸಂತೋಷ. ಆದರೆ ಕಡಕೋಳ ಮಡಿವಾಳಪ್ಪನವರ ಪದ ಹಾಡುವಾಗ ಜನ ಕೇಳಲು ಕೂತಿರುವುದು ಮಾತನ್ನು. ಏಕತಾರಿ ಹಿಡಿದ ಶ್ರುತಿಯ ಪಕ್ಕದಲ್ಲಿ ಒಂದೇ ಮರುದನಿ ಬರುವ ಹಾಗೆ ಡಿಲೇ ಇಟ್ಟುಕೋ, ಮಿಕ್ಸ್ ಗುಬ್ಬಿಯನ್ನು ಕಾಲುಭಾಗ ದಾಟಿಸಬೇಡ.

ಕಿವಿ ಮೋಸ ಮಾಡುವ ಜಾಗವೊಂದಿದೆ, ಅದೇ ಪೆಡಲ್‌ನ ಲೆವೆಲ್ ಗುಬ್ಬಿ. ಎರಡು ಸದ್ದುಗಳಲ್ಲಿ ತುಸು ಜೋರಾದದ್ದೇ ನಮಗೆ ಉತ್ತಮ ಅನ್ನಿಸುತ್ತದೆ. ಹೊಸ ಪೆಡಲ್ ಅಂಗಡಿಯಲ್ಲಿ ಮರುಳು ಮಾಡುವುದು ಹೀಗೆಯೇ. ಆನ್ ಮಾಡಿದಾಗಲೂ ಆಫ್ ಮಾಡಿದಾಗಲೂ ಸದ್ದು ಬರೋಬರಿ ಇರುವಂತೆ ಲೆವೆಲ್ ಇಟ್ಟು ಆಮೇಲೆ ತೀರ್ಮಾನಿಸು. ಸೋಲೊಗೆ ಜೋರು ಬೇಕಾದರೆ ಒಂದು ಪೆಡಲ್‌ನಿಂದ ಮಾತ್ರ ಏರಿಸು.

ಕೊನೆಯದು ಕರೆಂಟು. ಪೆಡಲ್‌ಗೆ ಬೇಕಾದದ್ದು ಸಾಮಾನ್ಯವಾಗಿ 9 ವೋಲ್ಟ್ ಡಿ.ಸಿ., ಪಿನ್ನಿನ ನಡುಭಾಗ ನೆಗೆಟಿವ್. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವ ಸಿಸಿಟಿವಿ, ರೌಟರ್ ಅಡಾಪ್ಟರ್‌ಗಳು ಹೆಚ್ಚಾಗಿ 12 ವೋಲ್ಟಿನವು, ಅವುಗಳ ನಡುಭಾಗ ಪಾಸಿಟಿವ್. ಪಿನ್ ಮಾತ್ರ ಅಚ್ಚುಕಟ್ಟಾಗಿ ಕೂಡುತ್ತದೆ, ಪೆಡಲ್ ಸುಟ್ಟುಹೋಗಬಹುದು. ವೋಲ್ಟ್ ಬರೋಬರಿ ಇರಬೇಕು, ಮಿಲಿಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ. ಒಂದೇ ಅಡಾಪ್ಟರಿನಿಂದ ಡಿಜಿಟಲ್ ಡಿಲೇಗೂ ಹಳೇ ಓವರ್‌ಡ್ರೈವ್‌ಗೂ ಸರಪಳಿ ಎಳೆದಾಗ ಕೀರಲು ಸದ್ದು ಬರುತ್ತದಲ್ಲ, ಅದಕ್ಕೆ ಬೇರೆ ಬೇರೆ ಔಟ್‌ಪುಟ್ ಇರುವ ಐಸೊಲೇಟೆಡ್ ಪವರ್ ಸಪ್ಲೈ ಒಂದೇ ಮದ್ದು.

ಗುಂಯ್ ಅನ್ನುವ ಸದ್ದು ಬಂದಾಗ ಯಾರಾದರೂ ಬಂದು ಆಂಪಿನ ಪ್ಲಗ್‌ನ ಮೂರನೇ ಪಿನ್ ಕಿತ್ತುಬಿಡು ಅನ್ನುತ್ತಾರೆ. ಕೇಳಬೇಡ. ಗಿಟಾರಿನ ತಂತಿಗಳಿಗೂ ಆಂಪಿನ ಅರ್ಥಿಂಗಿಗೂ ಸಂಪರ್ಕವಿದೆ. ಅರ್ಥ್ ಇಲ್ಲದ ಆಂಪಿನಲ್ಲಿ ದೋಷ ಬಂದಾಗ ನಿನ್ನ ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದರೆ ಕರೆಂಟು ಮೈಯ ಮೂಲಕವೇ ಹರಿಯುತ್ತದೆ. ಜನರೇಟರ್ ಮೇಲೆ ನಡೆಯುವ ಬಯಲು ಕಾರ್ಯಕ್ರಮದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅರ್ಥ್ ರಾಡ್ ನೆಲಕ್ಕೆ ಹೊಡೆದಿದ್ದಾನೋ ಇಲ್ಲವೋ ಜನರೇಟರ್‌ನವನನ್ನು ಕೇಳು. ಹೊಡೆದಿಲ್ಲವಾದರೆ ಹೊಡೆಸಿ, ಆಮೇಲೆಯೇ ಗಿಟಾರ್ ಹೆಗಲಿಗೆ ಹಾಕಿಕೋ.