ಮೊದಲು ಎತ್ತು ಮಾಡು, ತಂಗಿ

ತಂಗಿ, ಗಾಳಿಗೇ ಒಣಗಿ ಗಟ್ಟಿಯಾಗುವ ಮಣ್ಣಿನ ಪೊಟ್ಟಣ ತರಿಸಿಕೊಂಡಿದ್ದೀಯಂತೆ, ಸಣ್ಣ ಗೊಂಬೆ ಮಾಡಿ ಬಣ್ಣ ಹಚ್ಚಬೇಕು ಅಂತ. ಬಹಳ ಸಂತೋಷವಾಯಿತು. ಏರ್ ಡ್ರೈ ಕ್ಲೇ ಎಂಬ ಹೆಸರು ಹೊಸದಿರಬಹುದು, ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಮನೆಗಳಲ್ಲಿ ಮುಂಗಾರು ಹಿಡಿದಾಗಿನಿಂದ ಭಾದ್ರಪದದತನಕ ಐದು ಸಲ ಮಣ್ಣಿಗೆ ಪೂಜೆ: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪತಿ, ಜೋಕುಮಾರ. ಇವನ್ನು ಯಾರೂ ಆವಿಗೆಯಲ್ಲಿಟ್ಟು ಸುಡುವುದಿಲ್ಲ. ಎಲ್ಲವೂ ಗಾಳಿಗೆ ಒಣಗಿದ ಹಸಿಮಣ್ಣೇ.

ಮೊಬೈಲಿನಲ್ಲಿ ಕಂಡ ರೆಕ್ಕೆಯ ಕುದುರೆ, ಕುಣಿಯುವ ಹುಡುಗಿ ಇವನ್ನು ಸದ್ಯಕ್ಕೆ ಬದಿಗಿಡು. ಈ ಐದನ್ನು ಹಬ್ಬ ಬರುವ ಕ್ರಮದಲ್ಲೇ ಮಾಡುತ್ತ ಹೋಗು. ಹಿರಿಯರು ಇದನ್ನು ಪಾಠವೆಂದು ಜೋಡಿಸಿದವರಲ್ಲ. ಆದರೂ ಹೊಸ ಕೈಗೆ ಇದಕ್ಕಿಂತ ಒಳ್ಳೆಯ ಕ್ರಮವನ್ನು ನಾನು ಕಂಡಿಲ್ಲ.

ಮೊದಲು ಮಣ್ಣಿನ ಗುಣ ತಿಳಿದುಕೋ. ಬೇಸಿಗೆಯಲ್ಲಿ ಎರಿಹೊಲ ಬಾಯಿ ಬಿಡುವುದನ್ನು ನೋಡಿದ್ದೀಯಲ್ಲ. ಎರಿಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಅದು ತನ್ನ ಪದರಗಳ ನಡುವೆ ನೀರು ಹೀರಿ ಉಬ್ಬುತ್ತದೆ, ನೀರು ಹೋದಾಗ ಕುಗ್ಗುತ್ತದೆ. ಹೊಲವನ್ನು ಸೀಳುವ ಆ ಶಕ್ತಿಯೇ ನಿನ್ನ ಅಂಗೈಯಲ್ಲಿರುವ ಎತ್ತಿನ ಬೆನ್ನನ್ನೂ ಸೀಳುತ್ತದೆ. ಅಂಗಡಿಯ ಮಣ್ಣಿಗೆ ಕಾಗದದ ನಾರು, ಅಂಟು ಸೇರಿಸಿ ಈ ಕುಗ್ಗುವಿಕೆಯನ್ನು ಕಡಿಮೆ ಮಾಡಿರುತ್ತಾರೆ, ಪೂರ್ತಿ ತಪ್ಪಿಸಲು ಆಗುವುದಿಲ್ಲ. ಮೂರ್ತಿ ಮಾಡುವವರು ಮಣ್ಣಿಗೆ ಹತ್ತಿ ಬೆರೆಸುವುದೂ ಇದಕ್ಕೇ. ಪೊಟ್ಟಣ ಮುಗಿದು ಎರಿಮಣ್ಣಿಗೇ ಕೈ ಹಾಕುವುದಾದರೆ ಹರಳು, ಬೇರು ಆರಿಸಿ, ಸಾಣಿಸಿ, ರಾತ್ರಿಯಿಡೀ ನೆನೆಹಾಕು. ಸ್ವಲ್ಪ ಸಣ್ಣ ಉಸುಕು, ಚೂರುಚೂರಾಗಿ ಕತ್ತರಿಸಿದ ನೂಲು ಸೇರಿಸಿ ಚೆನ್ನಾಗಿ ನಾದು. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ನೂಲಿನ ತುಂಡಿಗೇನು ಬರ? ಹತ್ತಿಯದೇ ಕೇಳಿ ತಾ. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಮಣ್ಣಿನೊಂದಿಗೆ ಹೊಂದುವುದಿಲ್ಲ.

ಈಗ ಎತ್ತು. ಜ್ಯೇಷ್ಠದ ಅಮಾವಾಸ್ಯೆಗೆ ಒಂದು ಜೋಡಿ, ಅವುಗಳ ಮುಂದೊಂದು ಗ್ವಾದಲಿ, ಅಂದರೆ ಮೇವಿನ ತೊಟ್ಟಿ. ಕಾಲುಗಳನ್ನು ಬೇರೆ ಮಾಡಿ ಅಂಟಿಸಬೇಡ, ಒಂದೇ ಉಂಡೆಯಿಂದ ನಾಲ್ಕನ್ನೂ ಚಿವುಟಿ ಎಳೆ. ಗಿಡ್ಡವಾಗಿರಲಿ, ದಪ್ಪವಾಗಿರಲಿ. ಕುತ್ತಿಗೆ, ಹಿಣಿಲು, ಬಾಲ ಎಲ್ಲವೂ ಅದೇ ಉಂಡೆಯಿಂದಲೇ ಏಳಲಿ. ಸಂತೆಗೆ ಹೋದಾಗ ಖಿಲಾರಿ ಎತ್ತಿನ ಕೋಡು ಹಿಂದಕ್ಕೆ ಬಾಗಿ ಮೇಲಕ್ಕೇಳುವ ರೀತಿಯನ್ನು ನಿಂತು ನೋಡು. ಅಷ್ಟು ಉದ್ದದ ಕೋಡು ಬೇಕೆಂದರೆ ಒಳಗೆ ತೆಳು ತಂತಿ ಇಡಬೇಕು. ಬರೀ ತಂತಿ ಇಟ್ಟರೆ ಮಣ್ಣು ಜಾರುತ್ತದೆ, ಅದಕ್ಕೆ ಮೊದಲು ನೂಲು ಸುತ್ತು. ಕಾಲು ಮುರಿದರೆ ಎಸೆಯಬೇಡ. ಹಬ್ಬ ಕಳೆದ ಮೇಲೆ ನಮ್ಮ ಹುಡುಗರು ಕುಂಟೆತ್ತು ಹಿಡಿದು ಮನೆಮನೆಗೆ ಜೋಳ ಕೇಳುತ್ತ ಹೋಗುತ್ತಾರಲ್ಲ, ಮುರಿದ ಎತ್ತಿಗೂ ಈ ಹಬ್ಬದಲ್ಲಿ ಪಾಲಿದೆ.

ಹೊಸಬರ ಕೆಲಸ ಕೆಡುವುದು ಹೆಚ್ಚಾಗಿ ಒಣಗಿಸುವಾಗ. ಬಿಸಿಲಿಗೆ ಇಡಬೇಡ, ಫ್ಯಾನಿನ ಕೆಳಗೂ ಬೇಡ. ಮೇಲ್ಮೈ ಬೇಗ ಒಣಗಿ ಕುಗ್ಗುತ್ತದೆ, ಹೊಟ್ಟೆ ಮಾತ್ರ ಹಸಿಯಾಗಿ ಉಬ್ಬಿಕೊಂಡೇ ಇರುತ್ತದೆ. ಇವೆರಡರ ಜಗ್ಗಾಟದಲ್ಲಿ ಬಿರುಕು ಹುಟ್ಟುತ್ತದೆ. ನೆರಳಲ್ಲಿಟ್ಟು, ಮೊದಲ ದಿನ ತೆಳು ಬಟ್ಟೆ ಮುಚ್ಚಿ, ಆಗಾಗ ಮಗ್ಗಲು ಬದಲಿಸು. ಕಿರುಬೆರಳಿನಷ್ಟು ದಪ್ಪ ಇದ್ದರೆ ಎರಡು ಮೂರು ದಿನ ಬೇಕು, ಶ್ರಾವಣದ ಜಿಟಿಜಿಟಿಯಲ್ಲಿ ಇನ್ನೂ ಹೆಚ್ಚು. ಒಣಗಿತೋ ಇಲ್ಲವೋ ಎಂದು ಕಣ್ಣಿನಿಂದ ಅಳೆಯಬೇಡ, ಕೆನ್ನೆಗೆ ಹಿಡಿದು ನೋಡು. ತಣ್ಣಗೆ ಹತ್ತಿದರೆ ಒಳಗಿನ ನೀರು ಇನ್ನೂ ಆರುತ್ತಿದೆ ಎಂದರ್ಥ. ಕೂದಲೆಳೆಯ ಬಿರುಕು ಕಂಡರೆ ಅದೇ ಮಣ್ಣಿನ ರಾಡಿಯನ್ನು ಬ್ರಷ್‌ನಿಂದ ತುಂಬಿ ಮತ್ತೆ ಒಣಗಿಸು.

ಆಷಾಢದ ಮಂಗಳವಾರಗಳಲ್ಲಿ ಕೂಡುವ ಗುಳ್ಳವ್ವನಿಂದ ಅಲಂಕಾರ ಕಲಿಯುತ್ತೀ. ಮಣ್ಣು ಮೆತ್ತಗೂ ಅಲ್ಲ, ಗಟ್ಟಿಯೂ ಅಲ್ಲ ಎಂಬ ಹದದಲ್ಲಿ ಕುಸುಬಿ, ಜೋಳ, ಗುಲಗಂಜಿ ಒತ್ತಿ ಕೂಡಿಸಬೇಕು. ಮುಂಚೆಯಾದರೆ ಕಾಳು ಮುಳುಗುತ್ತದೆ, ತಡವಾದರೆ ಉದುರುತ್ತದೆ. ಇಲ್ಲೊಂದು ಎಚ್ಚರಿಕೆ. ಗುಲಗಂಜಿ ನೋಡಲು ಚೆಂದ, ಆದರೆ ಅದರೊಳಗೆ ಅಬ್ರಿನ್ ಎಂಬ ಕಡು ವಿಷವಿದೆ. ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕೆಂಪು ಮಣಿ ಹಚ್ಚಿದರೂ ಗುಳ್ಳವ್ವ ಮುನಿಯುವುದಿಲ್ಲ.

ಪಂಚಮಿಯ ನಾಗಪ್ಪ ಸುಲಭ. ಒಂದು ತುದಿ ಸಣ್ಣಗಾಗುವಂತೆ ಹೊಸೆದು ಸುರುಳಿ ಸುತ್ತಿ ಹೆಡೆ ಎತ್ತಿದರಾಯಿತು.

ಗಣಪತಿಯಲ್ಲಿ ಜೋಡಣೆ ಕಲಿಯಬೇಕು. ಸೊಂಡಿಲು, ಕಿವಿ, ಕೈ ಬೇರೆ ಬೇರೆ ಮಾಡಿ ಕೂಡಿಸುವಾಗ ನೀರು ಸವರಿ ಒತ್ತಿಬಿಟ್ಟರೆ ಒಣಗಿದ ಮೇಲೆ ಬಿದ್ದುಹೋಗುತ್ತವೆ. ಎರಡೂ ಕಡೆ ಸೂಜಿಯಿಂದ ಗೀರು ಹಾಕಿ, ಗಟ್ಟಿ ಮಜ್ಜಿಗೆಯಂಥ ರಾಡಿ ಸವರಿ, ಒತ್ತಿ ಹಿಡಿದು, ಸಂದಿಯ ಮೇಲೆ ಮಣ್ಣು ಎಳೆದು ಮುಚ್ಚು. ಎರಡರಲ್ಲೂ ಒಂದೇ ಹಸಿ ಇರಲಿ. ಒಣಗಿದ ಮೈಗೆ ಹಸಿ ಕಿವಿ ಹಚ್ಚಿದರೆ ಕಿವಿ ಕುಗ್ಗುತ್ತದೆ, ಮೈ ಕುಗ್ಗುವುದಿಲ್ಲ, ಬಿಟ್ಟುಕೊಳ್ಳುತ್ತದೆ. ದೊಡ್ಡ ಹೊಟ್ಟೆಯೊಳಗೆ ಫಾಯಿಲ್ ಹಾಳೆಯ ಉಂಡೆ ಇಟ್ಟರೆ ಮಣ್ಣೂ ಉಳಿಯುತ್ತದೆ, ಒಣಗುವುದೂ ಬೇಗ. ನೀರಿಗೆ ಬಿಡುವ ಗಣಪತಿಗೆ ಮಾತ್ರ ಫಾಯಿಲ್ ಹಾಕಬೇಡ. ಕೊನೆಗೆ ಜೋಕುಮಾರ. ಬುಟ್ಟಿಯಲ್ಲಿ ಹೊತ್ತು ಬಂದ ಅವನ ಬಾಯಿಗೆ ಬೆಣ್ಣೆ ಹಚ್ಚುವಾಗ ಆ ಮುಖವನ್ನು ಹತ್ತಿರದಿಂದ ನೋಡು. ಮುಖ ತಿದ್ದುವುದನ್ನು ಅವನಿಂದ ಕಲಿ.

ಬಣ್ಣಕ್ಕೆ ಅವಸರ ಬೇಡ. ಗೋಕಾಕದ ಹಣ್ಣು-ಗೊಂಬೆ ಸಿಕ್ಕರೆ ಕೈಯಲ್ಲಿ ಹಿಡಿದು ನೋಡು, ಹತ್ತಿರದ ಊರೇ ಅಲ್ಲವೇ. ಕೊಪ್ಪಳದ ಕಿನ್ನಾಳದವರು ಮರದ ಗೊಂಬೆಗೆ ಹುಣಸೆ ಬೀಜದ ಅಂಟು ಬಳಸಿ, ಬಿಳಿಯ ಲೇಪ ಕೊಟ್ಟು, ಆಮೇಲೆಯೇ ಬಣ್ಣ ಮುಟ್ಟುತ್ತಾರೆ. ನೀನೂ ಮೊದಲು ಬಿಳಿ ಅಕ್ರಿಲಿಕ್ ಒಂದು ಕೈ ಹಚ್ಚು, ಮೇಲಿನ ಬಣ್ಣ ಬೆಳಗುತ್ತದೆ. ದಪ್ಪಗೆ ಒಂದೇ ಸಲ ಬೇಡ, ತೆಳ್ಳಗೆ ಎರಡು ಮೂರು ಕೈ. ಬ್ರಷ್‌ನಲ್ಲಿ ನೀರು ಕಡಿಮೆ ಇರಲಿ. ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಕಂಡ ಮೇಲೆ ಮಾತ್ರ ಮಣ್ಣು ಮತ್ತೆ ಕರಗದಂತಾಗುತ್ತದೆ. ನಿನ್ನ ಗೊಂಬೆ ಆ ಕಾವು ಕಂಡಿಲ್ಲ, ನೀರು ಸಿಕ್ಕರೆ ಮೆತ್ತಗಾಗುತ್ತದೆ. ಕಣ್ಣು ಕೊನೆಗೆ, ವಾರ್ನಿಷ್ ಅದರ ಮೇಲೆ. ಬಣ್ಣ ಹಚ್ಚದ ಎರಿಮಣ್ಣಿನ ಎತ್ತನ್ನು ಹೊಲಕ್ಕೆ ಮರಳಿಸು. ಅಕ್ರಿಲಿಕ್ ಹಚ್ಚಿದ್ದನ್ನು ಘಟಪ್ರಭೆಗಾಗಲಿ ಕೃಷ್ಣೆಗಾಗಲಿ ಬಾವಿಗಾಗಲಿ ಬಿಡಬೇಡ, ಮಾಡಿನಲ್ಲಿಡು.

ಇಷ್ಟಾದ ಮೇಲೆ ಮುಧೋಳ ನಾಯಿ ಮಾಡು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದಿತ್ತು. ಆಳವಾದ ಎದೆ, ಒಳಗೆ ಸರಿದ ಹೊಟ್ಟೆ, ನೀಳ ಮೂತಿ, ತೆಳ್ಳನೆಯ ಕಾಲು. ಮೊದಲ ನಾಯಿಯನ್ನು ನಿಲ್ಲಿಸಲು ಹೋಗಬೇಡ, ಕಾಲು ತಡೆಯುವುದಿಲ್ಲ. ಮುಂಗಾಲು ಚಾಚಿ ಮಲಗಿಸು. ಅದು ಬಿರುಕಿಲ್ಲದೆ ಒಣಗಿದ ದಿನ ಇಲ್ಲಿಗೆ ತಾ. ನಿಂತ ನಾಯಿಗೆ ತಂತಿ ಹೇಗೆ ಬಗ್ಗಿಸಬೇಕು ಅಂತ ಇಬ್ಬರೂ ಕೂತು ನೋಡೋಣ.