ಸಡಿಲವಾದ ಕ್ರ್ಯಾಂಕ್ ಪುಲ್ಲಿ: ಬಿಗಿ ಮಾಡುವ ಮೊದಲು ಬಿಚ್ಚಿ ನೋಡಿ



ಕೆಂಗೇರಿ ಕಡೆಯ ನಮ್ಮ ಒಂದು ಸ್ವಸಹಾಯ ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಎದ್ದು ನಿಂತು, "ಸಿಸ್ಟರ್, ನಮ್ಮ ಯಜಮಾನ್ರ ಗಾಡಿ ಎಂಜಿನ್ ಪೂರ್ತಿ ಬಿಚ್ಚಬೇಕಂತೆ, ಸಾಲ ಕೊಡಿಸಿ" ಎಂದು ಕೇಳಿದರು. ಗಾಡಿ ಹಳೇ ಮಾರುತಿ ಓಮ್ನಿ. ಬೆಳಿಗ್ಗೆ ತರಕಾರಿ, ಮಧ್ಯಾಹ್ನ ಟೈಲರ್ ಅಂಗಡಿಗಳ ಬಟ್ಟೆ ಗಂಟು. ಐದು ಜನರ ಊಟ ಅದರ ಮೇಲೆಯೇ. ಮೊದಲ ಸಾಲ ಇನ್ನೂ ತೀರಿರಲಿಲ್ಲ. ಕೊಡಬೇಕು ಅಂತ ಅರ್ಧ ಜನ, ಬೇಡ ಅಂತ ಅರ್ಧ ಜನ. ನಾವು ಒಂದು ವಾರ ಸಮಯ ಕೇಳಿ, ಶನಿವಾರದ ಮೆಕ್ಯಾನಿಕ್ ತರಗತಿಯ ಮೇಷ್ಟ್ರನ್ನೂ ಹುಡುಗರನ್ನೂ ಕರೆದುಕೊಂಡು ಹೋದೆವು.

ಎಂಜಿನ್ ನಿಧಾನವಾಗಿ ಓಡುತ್ತಿದ್ದಾಗ ಟಕ್ ಟಕ್ ಸದ್ದು. ಕೇಳಿದವರು ಯಾರಾದರೂ ಒಳಗಿನ ಬೇರಿಂಗ್ ಹೋಗಿದೆ ಅಂತಲೇ ಹೇಳುತ್ತಾರೆ. ಮೇಷ್ಟ್ರು ಎಂಜಿನ್ ನಿಲ್ಲಿಸಿ, ಫ್ಯಾನ್ ಬೆಲ್ಟ್ ತೆಗೆದು, ಕ್ರ್ಯಾಂಕ್ ಪುಲ್ಲಿಯನ್ನು ಎರಡು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಕ್ರ್ಯಾಂಕ್ ನಿಂತಿದೆ, ಪುಲ್ಲಿ ಆಡುತ್ತಿದೆ! ವಿಚಾರಿಸಿದರೆ, ಎರಡು ತಿಂಗಳಲ್ಲಿ ಮೂರು ಸಲ ಒಂದು ಗ್ಯಾರೇಜಿನಲ್ಲಿ ಬೋಲ್ಟ್ ಬಿಗಿ ಮಾಡಿಸಿದ್ದರಂತೆ. ಒಂದು ಸಲವೂ ಬಿಚ್ಚಿ ನೋಡಿರಲಿಲ್ಲ.

ಈ ಗಾಡಿಗಳು 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದವು, 2019ರಲ್ಲಿ ತಯಾರಿಕೆ ನಿಂತಿತು. ನಮ್ಮ ವಿಜಯನಗರ, ಕಾಮಾಕ್ಷಿಪಾಳ್ಯ, ಕೆಂಗೇರಿ ಗಲ್ಲಿಗಳಲ್ಲಿ ಇನ್ನೂ ದುಡಿಯುತ್ತಿರುವುದು ಬಹಳ. ಆದ್ದರಿಂದ ಈ ಪಾಠ.

ಪುಲ್ಲಿಯನ್ನು ಹಿಡಿದಿರುವುದು ಯಾವುದು? ಹುಡುಗರನ್ನು ಕೇಳಿದರೆ ಎಲ್ಲರೂ "ಕೀ" ಅಂದರು. ಹಾಗಲ್ಲ. ಕ್ರ್ಯಾಂಕಿನ ಮೂತಿಯಲ್ಲಿರುವ ಗಾಡಿಯಲ್ಲಿ ಕೂರುವ ಆ ಸಣ್ಣ ಕೀ, ಪುಲ್ಲಿ ಮತ್ತು ಗೇರು ಯಾವ ಜಾಗದಲ್ಲಿ ಕೂರಬೇಕು ಎಂದು ತೋರಿಸುವುದಕ್ಕೆ ಮಾತ್ರ. ಹಿಡಿದಿರುವುದು ನಡುವಿನ ಬೋಲ್ಟಿನ ಬಿಗಿ. ಅದು ಎಲ್ಲವನ್ನೂ ಒಂದರ ಮೇಲೊಂದು ಒತ್ತಿ ಹಿಡಿಯುತ್ತದೆ. ಬಿಗಿ ಹೋದ ದಿನ ಭಾರವೆಲ್ಲ ಕೀ ಮೇಲೆ. ಮೂರು ಸಿಲಿಂಡರಿನ ಈ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ 4500 ಸಲ ಉರಿಯುತ್ತದೆ. ಅಂದರೆ ನಿಮಿಷಕ್ಕೆ 4500 ಏಟು, ಒಂದು ಸಣ್ಣ ಕಬ್ಬಿಣದ ಚೂರಿನ ಮೇಲೆ. ಮೊದಲು ಕೀ ಸವೆಯುತ್ತದೆ, ಆಮೇಲೆ ಕೀ ಕೂರುವ ಸಂದು ಅಗಲವಾಗುತ್ತದೆ. ಕೀ ಅಗ್ಗ. ಸಂದು ಇರುವುದು ಕ್ರ್ಯಾಂಕಿನಲ್ಲಿ, ಕ್ರ್ಯಾಂಕ್ ಅಗ್ಗವಲ್ಲ.

ಇದು ನಮ್ಮ ಹಳೇ ಗಾಡಿಗಳ ಕಾಯಿಲೆ ಮಾತ್ರ ಅಲ್ಲ. ಜಪಾನಿನ ಮಾಜ್ದಾ ಕಂಪನಿಯ ಮಿಯಾಟಾ ಎಂಬ ಕಾರಿನ 1990 ಮತ್ತು 1991ರ ಆರಂಭದ ಮಾದರಿಗಳಲ್ಲಿ ಕ್ರ್ಯಾಂಕಿನ ಮೂತಿ ಚಿಕ್ಕದಿತ್ತು. ಬೋಲ್ಟ್ ಸಡಿಲವಾಗಿ ಸಂದು ತಿಂದುಹೋದ ಕಾರುಗಳು ಅಲ್ಲಿ ಎಷ್ಟೋ. ಆಮೇಲೆ ಕಂಪನಿಯೇ ಮೂತಿಯನ್ನು ದೊಡ್ಡದು ಮಾಡಿತು.

ಇನ್ನು ಕೆಲಸಕ್ಕೆ ಬರೋಣ. ಎಂಜಿನ್ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಗಾಡಿ ಎತ್ತಿದರೆ ಜಾಕಿಯನ್ನೇ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. (ತರಗತಿಗೆ ಬರುವ ಹೆಣ್ಣುಮಕ್ಕಳೇ, ದುಪಟ್ಟಾ ಕಟ್ಟಿಕೊಳ್ಳಿ. ಓಡುವ ಬೆಲ್ಟಿಗೆ ನಿಮ್ಮ ದುಪಟ್ಟಾ ಅಂತ ಗೊತ್ತಾಗಲ್ಲ.) ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿದೆ, ಸೀಟು ಎತ್ತಿದರೆ ನೋಡಬಹುದು. ಕೆಲವು ಎಂಜಿನ್‌ಗಳಲ್ಲಿ ಪುಲ್ಲಿಗೆ ನಡುವೆ ಒಂದೇ ದೊಡ್ಡ ಬೋಲ್ಟ್. ಕೆಲವಲ್ಲಿ ಪುಲ್ಲಿಯನ್ನು ಸಣ್ಣ ಬೋಲ್ಟುಗಳು ಒಳಗಿನ ಟೈಮಿಂಗ್ ಗೇರಿಗೆ ಹಿಡಿದಿರುತ್ತವೆ, ಗೇರನ್ನು ನಡುವಿನ ಬೋಲ್ಟ್ ಹಿಡಿದಿರುತ್ತದೆ. ಯಾವುದು ಸಡಿಲ ಅಂತ ಮೊದಲು ತಿಳಿಯಿರಿ. ಸಣ್ಣ ಬೋಲ್ಟ್ ಮಾತ್ರ ಆದರೆ ಅದೃಷ್ಟ. ಗೇರು ಬಿಚ್ಚಬೇಕಾದರೆ ಟೈಮಿಂಗ್ ಗುರುತುಗಳನ್ನು ಸರಿಹೊಂದಿಸದೆ ಬೆಲ್ಟಿಗೆ ಕೈ ಹಾಕಬೇಡಿ.

ಬೋಲ್ಟ್ ಬಿಚ್ಚಲು ಕ್ರ್ಯಾಂಕ್ ತಿರುಗದಂತೆ ತಡೆಯಬೇಕು. ಗಾಡಿ ಗೇರಿನಲ್ಲಿರಲಿ, ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಪಾನಕ್ಕೆ ಏನಾದರೂ ಅಡ್ಡ ಕೊಟ್ಟು ಸೆಲ್ಫ್ ಹೊಡೆಯುವ ಕೆಟ್ಟ ಅಭ್ಯಾಸ ಬೇಡವೇ ಬೇಡ. ಪುಲ್ಲಿ ಬರದಿದ್ದರೆ ಪುಲ್ಲರ್ ಹಾಕಿ, ಸುತ್ತಿಗೆ ಅಲ್ಲ.

ಬಿಚ್ಚಿದ ಮೇಲೆ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಕೀ ಮಾತ್ರ ಸವೆದು ಸಂದಿನ ಅಂಚು ನೇರವಾಗಿದ್ದರೆ ಹೊಸ ಕೀ, ಹೊಸ ಬೋಲ್ಟ್, ಹೊಸ ವಾಷರ್ ಸಾಕು. ಹಳೇ ಬೋಲ್ಟನ್ನೇ ಹಾಕಿ ಹಣ ಉಳಿಸಬೇಡಿ, ಒಮ್ಮೆ ಸಡಿಲವಾಗಿ ಓಡಿದ ಬೋಲ್ಟಿನ ಮರೆ ಮತ್ತು ತಲೆ ಎರಡೂ ಕೆಟ್ಟಿರುತ್ತವೆ. ಪುಲ್ಲಿಯ ತೂತು ಮೊಟ್ಟೆಯಾಕಾರ ಆಗಿದ್ದರೆ ಪುಲ್ಲಿಯೂ ಹೊಸದು. ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ಹಿಂದಿನ ಆಯಿಲ್ ಸೀಲ್ ಒದ್ದೆಯಾಗಿದ್ದರೆ ಈಗಲೇ ಬದಲಿಸಿ.

ಸಂದು ಸ್ವಲ್ಪ ಅಗಲವಾಗಿದ್ದರೆ? ಲೋಹದ ನಡುವಿನ ಸಂದು ತುಂಬಿ ಗಟ್ಟಿಯಾಗುವ ಅಂಟು ಸಿಗುತ್ತದೆ. ಮಿಯಾಟಾ ಕಾರಿನವರೂ ಅದನ್ನೇ ಬಳಸಿದರು. ಎಣ್ಣೆಯ ಸುಳಿವೂ ಇಲ್ಲದಂತೆ ತೊಳೆದು ಹಚ್ಚಬೇಕು, ಗಟ್ಟಿಯಾಗಲು ಪೂರ್ತಿ ಒಂದು ದಿನ ಗಾಡಿ ನಿಲ್ಲಿಸಬೇಕು. ಬಾಡಿಗೆ ಬಂತು ಅಂತ ಸಂಜೆಗೇ ಸ್ಟಾರ್ಟ್ ಮಾಡಿದರೆ ಎಲ್ಲ ವ್ಯರ್ಥ. ಸಂದು ಬಹಳ ಹರಿದಿದ್ದರೆ ಅಂಟಿನಿಂದ ಆಗದು, ಕ್ರ್ಯಾಂಕ್ ಹೊರಗೆ ತೆಗೆದು ಲೇತ್‌ನವರ ಹತ್ತಿರ ಹೋಗಬೇಕು, ಇಲ್ಲವೇ ಬೇರೆ ಕ್ರ್ಯಾಂಕ್. ಡಬ್ಬದ ತಗಡು ಮಡಚಿ ತುರುಕುವುದನ್ನು ನಾವು ಕಂಡಿದ್ದೇವೆ. ಪುಲ್ಲಿಯನ್ನು ಕ್ರ್ಯಾಂಕಿಗೇ ವೆಲ್ಡಿಂಗ್ ಮಾಡಿದ್ದನ್ನೂ ಕಂಡಿದ್ದೇವೆ. ಆ ಶಾಖಕ್ಕೆ ಸೀಲ್ ಸುಡುತ್ತದೆ, ಮುಂದೆ ಟೈಮಿಂಗ್ ಬೆಲ್ಟ್ ಬದಲಿಸಲೂ ದಾರಿ ಇರುವುದಿಲ್ಲ.

ಬೋಲ್ಟನ್ನು ಕೈ ಅಂದಾಜಿನಲ್ಲಿ ಬಿಗಿ ಮಾಡಬೇಡಿ. ಆ ಎಂಜಿನ್ನಿನ ಪುಸ್ತಕದಲ್ಲಿ ಹೇಳಿರುವ ಅಳತೆಗೆ ಟಾರ್ಕ್ ರೆಂಚಿನಲ್ಲೇ ಮಾಡಿ. ಸ್ವಂತ ಇಲ್ಲದಿದ್ದರೆ ಪಕ್ಕದ ಗ್ಯಾರೇಜಿನಲ್ಲಿ ಕೇಳಿ ತನ್ನಿ, ನಾಚಿಕೆ ಏನೂ ಇಲ್ಲ. ಕೊನೆಗೆ ಬೋಲ್ಟಿನ ತಲೆಯಿಂದ ಪುಲ್ಲಿಯವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದು ಕಂಡ ದಿನ ಗಾಡಿ ನಿಲ್ಲಿಸಿ. ಪುಲ್ಲಿ ಕಳಚಿದರೆ ಬೆಲ್ಟ್ ಹೋಯಿತು, ಬೆಲ್ಟ್ ಹೋದರೆ ಚಾರ್ಜಿಂಗೂ ಇಲ್ಲ, ವಾಟರ್ ಪಂಪೂ ತಿರುಗದು, ಮೈಸೂರು ರಸ್ತೆಯ ಮಧ್ಯೆ ಎಂಜಿನ್ ಕುದಿಯುತ್ತದೆ.

ಕೆಂಗೇರಿಯ ಆ ಗಾಡಿಯಲ್ಲಿ ನಡುವಿನ ಬೋಲ್ಟೇ ಸಡಿಲವಾಗಿತ್ತು, ಸಂದಿನ ಒಂದು ಅಂಚು ಸ್ವಲ್ಪ ತಿಂದಿತ್ತು. ಮೊದಲ ಸಲವೇ ಬಿಚ್ಚಿ ನೋಡಿದ್ದರೆ ಕೀ ಒಂದರಲ್ಲಿ ಮುಗಿಯುತ್ತಿತ್ತು ಎಂದರು ಮೇಷ್ಟ್ರು. ಅಂಟು ಹಾಕಿ, ಎರಡು ದಿನ ನಿಲ್ಲಿಸಿದೆವು. ಯಜಮಾನರಿಗೆ ಆ ಎರಡು ದಿನ ನಮ್ಮ ಮೇಲೆ ಸಿಟ್ಟು. ಸಂಘ ಬಿಡಿಭಾಗಗಳಿಗೆ ಮಾತ್ರ ಸಣ್ಣ ಸಾಲ ಕೊಟ್ಟಿತು, ಬೇಡ ಅಂದವರೂ ಕೈ ಎತ್ತಿದರು. ಈಗ ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ ಸೀಟು ಎತ್ತಿ ಬಿಳಿ ಗೆರೆ ನೋಡುವುದು ಆ ಅಕ್ಕನೇ.

ಮುಂದಿನ ಪಾಠ: ಫ್ಯಾನ್ ಬೆಲ್ಟ್ ಎಷ್ಟು ಬಿಗಿ ಇರಬೇಕು. ಬರುವವರು ಹಳೇ ಬೆಲ್ಟ್ ಇದ್ದರೆ ತನ್ನಿ.